ಸೋತವರು ಊರು ಕೊಡಬೇಕು

ಕಳೆದ ದಸರಾ ರಜೆಗೆ ಅಕ್ಕನ ಮಗಳು ಊರಿಗೆ ಬಂದಿದ್ದಳು. ಒಂಬತ್ತು ವರ್ಷ, ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು, ಮಾತಿನಲ್ಲಿ ಯಾರಿಗೂ ಕಮ್ಮಿ ಇಲ್ಲ. ಮಧ್ಯಾಹ್ನ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಅಡ್ಡಾದ ಹೊತ್ತಿಗೆ "ಬೋರು ಬೋರು" ಅಂತ ಶುರು ಮಾಡಿದಳು. ಸರಿ, ಒಂದು ಒಗಟು ಹೇಳ್ತೀನಿ, ಬಿಡಿಸು ನೋಡೋಣ ಅಂದೆ.

"ಹೋಗುವಾಗ ಹಗುರ, ಬರುವಾಗ ಭಾರ. ಸೊಂಟದ ಮೇಲೆ ಸವಾರಿ. ಏನದು?"

ಒಂದು ಕ್ಷಣವೂ ಯೋಚಿಸಲಿಲ್ಲ. ಅವರಮ್ಮನ ಫೋನ್ ತಗೊಂಡು ನನ್ನ ಒಗಟನ್ನು ಹಾಗೇ ಅದಕ್ಕೆ ಒಪ್ಪಿಸಿದಳು. ಉತ್ತರ ಬಂದೇಬಿಟ್ಟಿತು. "ಕೊಡಪಾನ!" ಅಂತ ಕೂಗಿದಳು. ನಾನು ಭೇಷ್ ಅನ್ನೋಕೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು.

"ಮಾಮ, ಕೊಡಪಾನ ಅಂದ್ರೇನು?"

ಜಗಲಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಸಂಜೆವರೆಗೂ ಆ ಪ್ರಶ್ನೆ ತಲೆಯಲ್ಲಿ ಕೂತಿತ್ತು. ಉತ್ತರ ಸಿಕ್ಕಿದೆ, ವಸ್ತು ಸಿಕ್ಕಿಲ್ಲ. ನಾನು ಚಿಕ್ಕವನಿದ್ದಾಗ ಇದು ಉಲ್ಟಾ ಇತ್ತು. ವಸ್ತು ಕಣ್ಣೆದುರಿಗೇ ಇರುತ್ತಿತ್ತು, ಉತ್ತರ ಸಿಗುತ್ತಿರಲಿಲ್ಲ. ಅವಳನ್ನು ಬೈಯೋಕೂ ಬಾಯಿ ಬರಲಿಲ್ಲ. ನಾನೊಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಕೇಳಿದ ತಕ್ಷಣ ಉತ್ತರ ಕೊಡುವ ಯಂತ್ರ ಮಾಡಿದ್ದು ನನ್ನಂಥವರೇ ಅಲ್ವಾ?

ಚಪ್ಪರದ ಕೆಳಗೆ

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅತ್ತೆಯನ್ನು ಕೊಟ್ಟಿದ್ದು ಸಾಗರದ ಕಡೆಗೆ, ಅಮ್ಮನ ತವರು ತೀರ್ಥಹಳ್ಳಿ ತಾಲ್ಲೂಕು. ನನ್ನ ಬಾಲ್ಯದ ಪ್ರಪಂಚ ಈ ಮೂರು ತಾಲ್ಲೂಕಿನಲ್ಲೇ ಮುಗಿಯುತ್ತಿತ್ತು. ಮೂರು ಕಡೆಯೂ ಅಡಿಕೆ ತೋಟ, ಮೂರು ಕಡೆಯೂ ಮಳೆ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿನಲ್ಲಿ ನಿಲ್ಲುವ ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ನಮ್ಮ ಹೊಸನಗರದಲ್ಲಿ. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟಿನ ಮಾತೇ ಇಲ್ಲ. ಶಾಲೆಗೆ ಮಳೆ ರಜೆ. ಅಂಗಳಕ್ಕೆ ಕಾಲಿಡೋ ಹಾಗಿಲ್ಲ. ಹಪ್ಪಳ ಸುಟ್ಟು ಕೊಟ್ಟಾಯ್ತು, ಕಥೆ ಹೇಳಿಯಾಯ್ತು. ಆಮೇಲೆ ಮಕ್ಕಳನ್ನು ಏನು ಮಾಡೋದು? ಒಗಟು ಹೊರಗೆ ಬರುತ್ತಿದ್ದದ್ದು ಆಗ.

ಆದರೆ ಒಗಟಿನ ನಿಜವಾದ ಸುಗ್ಗಿ ಅಂದರೆ ಅಡಿಕೆ ಸುಗ್ಗಿ. ನಮ್ಮ ಕಡೆ ಹಸಿ ಅಡಿಕೆಯನ್ನೇ ಸುಲಿದು, ಬೇಯಿಸಿ, ಒಣಗಿಸುವುದು ರೂಢಿ. ಕೊನೆ ಇಳಿಸಿದ ಮೇಲೆ ಸುಲಿಯೋದನ್ನ ಹೆಚ್ಚು ದಿನ ಮುಂದಕ್ಕೆ ಹಾಕುವ ಹಾಗಿಲ್ಲ. ಹಗಲು ಕೊಯ್ಲು, ರಾತ್ರಿ ಸುಲಿಯೋದು. ಅಂಗಳದ ಚಪ್ಪರದ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಹತ್ತು ಹದಿನೈದು ಜನ ಸಾಲಾಗಿ ಕೂರೋರು. ಮನೆಯವರು, ಪಕ್ಕದ ಮನೆಯವರು, ಕೆಲಸಕ್ಕೆ ಬಂದವರು ಎಲ್ಲರೂ ಒಂದೇ ಚಪ್ಪರ. ಮಕ್ಕಳು ಕತ್ತಿ ಮುಟ್ಟುವಂತಿರಲಿಲ್ಲ. ನಮಗೆ ಬುಟ್ಟಿ ತುಂಬಿಸುವ ಕೆಲಸ, ಕುಡಿಯೋಕೆ ನೀರು ತಂದುಕೊಡುವ ಕೆಲಸ.

ಸುಲಿಯೋ ಕೆಲಸಕ್ಕೆ ಕೈ ಮತ್ತು ಕಣ್ಣು ಬೇಕು. ಬಾಯಿ ಖಾಲಿ. ರಾತ್ರಿ ಹತ್ತು ಗಂಟೆ ದಾಟಿದರೆ ತೂಕಡಿಕೆ. ತೂಕಡಿಸಿದರೆ ಕತ್ತಿ ಬೆರಳಿಗೇ. ಹಾಗಾಗಿ ಎಲ್ಲರನ್ನೂ ಎಚ್ಚರವಾಗಿ ಇಡೋಕೆ ಯಾರಾದರೂ ಮಾತಾಡುತ್ತಲೇ ಇರಬೇಕಿತ್ತು. ಕಥೆ ಕೇಳುತ್ತಾ ನಿದ್ದೆ ಹೋಗಬಹುದು, ಒಗಟು ಕೇಳಿಸಿಕೊಂಡವನಿಗೆ ನಿದ್ದೆ ಬರಲ್ಲ. ಅದಕ್ಕೇ ನಮ್ಮ ಚಪ್ಪರದಲ್ಲಿ ಒಗಟಿಗೆ ಅಷ್ಟು ಬೆಲೆ.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಅಲ್ಲಿನ ಮೇಸ್ತ್ರಿ. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳೋರು: "ಒಂದೇ ಹಲ್ಲು. ರಾತ್ರಿಯಿಡೀ ಅಗೀತಾಳೆ. ಬೆಳಗಾದ್ರೂ ಹೊಟ್ಟೆ ಖಾಲಿ. ಯಾರು ಹೇಳು ನೋಡನ?"

ನಾವು ಹಲ್ಲಿ, ಹಾವು, ಇಲಿ, ದೆವ್ವ ಅಂತ ಊರೆಲ್ಲ ಸುತ್ತಿ ಬರುವಾಗ ಉತ್ತರ ಅವರ ಕಾಲಡಿಯಲ್ಲೇ ಇರುತ್ತಿತ್ತು. ಮೆಟ್ಟುಗತ್ತಿ. "ಹಸಿರು ಅಂಗಿ ಬಿಚ್ಚಿದ್ರೆ ನಾರಿನ ಬನೀನು, ಬನೀನು ಬಿಚ್ಚಿದ್ರೆ ಬೋಳು ತಲೆ ಮುದುಕ" ಅಂದರೆ ಬುಟ್ಟಿಯಲ್ಲಿದ್ದ ಅಡಿಕೆ. ಕೆಲಸಕ್ಕೆ ಬರುತ್ತಿದ್ದ ಒಬ್ಬರು ಒಂದು ರಾತ್ರಿ ಹೇಳಿದ್ದು ನನಗೆ ಇವತ್ತಿಗೂ ಇಷ್ಟ: "ಮನೆಗೆ ಎರಡು ಕಾಲು ಬಂತು, ಮಳೇಲಿ ನಡೀತು. ಮಳೆ ನಿಂತ ಮೇಲೆ ಮನೇನೇ ಮಡಚಿ ಇಟ್ಟರು." ಕಂಬಳಿಕೊಪ್ಪೆ! ಅವತ್ತಿನವರೆಗೆ ಕಂಬಳಿಕೊಪ್ಪೆ ಅಂದರೆ ನನಗೆ ಒದ್ದೆ ವಾಸನೆ ಹೊಡೆಯುವ ಒಂದು ವಸ್ತು ಅಷ್ಟೇ. ಮಾರನೇ ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಕೊಪ್ಪೆ ಹಾಕಿಕೊಂಡು ಹೋಗುವವರನ್ನು ನೋಡಿದರೆ ಸಣ್ಣ ಸಣ್ಣ ಮನೆಗಳೇ ನಡೆದು ಹೋದ ಹಾಗೆ ಕಂಡಿತ್ತು.

ಒಗಟು ಮಾಡುವ ಕೆಲಸ ಇದೇ. ದಿನಾ ನೋಡುವ ವಸ್ತುವನ್ನು ಇನ್ನೊಂದು ಸಲ ನೋಡಿಸುತ್ತೆ. ಒಳ್ಳೆಯ ಒಗಟಿನಿಂದ ಒಳ್ಳೆಯ ರೂಪಕ ಸಿಗುತ್ತೆ ಅನ್ನುವ ಅರ್ಥದ ಮಾತನ್ನು ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗಿಂತ ಹಿಂದೆಯೇ ಹೇಳಿದ್ದಾನಂತೆ. ನಮ್ಮಲ್ಲೂ ಕಮ್ಮಿ ಏನಿಲ್ಲ. 12ನೇ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಆಮೇಲೆ ಕನಕದಾಸರ ಮುಂಡಿಗೆಗಳು, ಎಲ್ಲವೂ ಒಗಟಿನ ದಾರಿ ಹಿಡಿದವೇ. ದೊಡ್ಡ ವಿಷಯವನ್ನು ನೇರ ಹೇಳಿದರೆ ಕಿವಿ ಮೇಲೆ ಹಾದು ಹೋಗುತ್ತೆ. ಬಿಡಿಸೋಕೆ ಕೊಟ್ಟರೆ ಒಳಗೆ ಇಳಿಯುತ್ತೆ. ಮಹಾಭಾರತದ ಯಕ್ಷಪ್ರಶ್ನೆ ಕಥೆಯನ್ನಂತೂ ಚಪ್ಪರದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಗಾಳಿಗಿಂತ ಬೇಗ ಓಡೋದು ಯಾವುದು? ಮನಸ್ಸು. ಹುಲ್ಲಿಗಿಂತ ಹೆಚ್ಚು ಇರೋದು ಯಾವುದು? ಚಿಂತೆ. ಉತ್ತರ ಹೇಳದೆ ನೀರು ಕುಡಿದ ನಾಲ್ವರು ತಮ್ಮಂದಿರು ಕೊಳದ ದಡದಲ್ಲೇ ಬಿದ್ದರು. ಕೂತು, ಯೋಚಿಸಿ, ಉತ್ತರ ಕೊಟ್ಟ ಧರ್ಮರಾಯ ಅವರನ್ನೆಲ್ಲ ಎಬ್ಬಿಸಿಕೊಂಡು ಹೋದ. ಅಜ್ಜಿ ಈ ಕಥೆ ಮುಗಿಸಿ ನಮ್ಮ ಕಡೆ ನೋಡಿ, "ಗಡಿಬಿಡಿ ಮಾಡದವ ಗೆದ್ದ" ಅನ್ನೋರು.

ಅಜ್ಜಿ ಅಜ್ಜನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಕಾಲದ ಹೆಂಗಸರು ಗಂಡನ ಹೆಸರು ಹಿಡಿದು ಹೇಳುತ್ತಿರಲಿಲ್ಲ, ನಿಮಗೂ ಗೊತ್ತು. ಉತ್ತರ ಕರ್ನಾಟಕದ ಕಡೆ ಅದಕ್ಕೆಂದೇ ಚಂದದ ಒಡಪುಗಳಿವೆ. ಒಮ್ಮೆ ರೇಷನ್ ಕಾರ್ಡಿನ ಕೆಲಸಕ್ಕೆ ಹೋದಾಗ ಗಂಡನ ಹೆಸರೇನು ಅಂತ ಕೇಳಿದ್ದಕ್ಕೆ ಅಜ್ಜಿ, "ಹೊಟ್ಟೆಗೆ ಹಾವು ಕಟ್ಟಿಕೊಂಡವ್ನ ಹೆಸರು, ಬರ್ಕಳಿ" ಅಂದರಂತೆ. ಬರೆಯುವವರು ಪೆನ್ನು ಕೆಳಗಿಟ್ಟು ಯೋಚಿಸಿ, ಸರಿಯಾಗಿಯೇ ಬರೆದರಂತೆ. ನೀವೂ ಬರೆದುಕೊಂಡಿರಿ.

ಊರು ಕೊಡು

ನಮ್ಮನೆ ಆಟಕ್ಕೆ ನಿಯಮಗಳಿದ್ದವು. ಮೂರು ಸಲ ಉತ್ತರ ಹೇಳಬಹುದು. ಮೂರೂ ತಪ್ಪಾದರೆ ಅಜ್ಜಿ ಕೇಳೋರು: "ಸೋತ್ಯ? ಹಂಗಾರೆ ಊರು ಕೊಡು."

ಸೋತವರು ಒಂದು ಊರಿನ ಹೆಸರು ಹೇಳಿ ಅದನ್ನು ಗೆದ್ದವರಿಗೆ ಬಿಟ್ಟುಕೊಡಬೇಕು. ಆಮೇಲೆಯೇ ಉತ್ತರ. ಸುಮ್ಮನೆ ಹಾಳುಬಿದ್ದ ಊರು ಕೊಟ್ಟರೆ ಒಪ್ಪುತ್ತಿರಲಿಲ್ಲ. ತೇರು ಆಗುವ ಊರು ಬೇಕು, ಸಂತೆ ಇರುವ ಊರು ಬೇಕು, ಬಸ್ಸು ನಿಲ್ಲುವ ಊರು ಬೇಕು. ನಾನು ರಿಪ್ಪನ್‌ಪೇಟೆಯನ್ನು ಎಷ್ಟು ಸಲ ಕಳೆದುಕೊಂಡಿದ್ದೇನೆ! ಅಕ್ಕ ಹುಂಚವನ್ನು ಕೊಟ್ಟು, ಮಾರನೇ ದಿನ ಗೆದ್ದು ವಾಪಸ್ ತಗೊಂಡಿದ್ದಳು. ಆನಂದಪುರ ಒಂದೇ ವಾರದಲ್ಲಿ ನಾಲ್ಕು ಕೈ ಬದಲಾಯಿಸಿತ್ತು. ಹೀಗೆ ಸೋಲುತ್ತಾ ಗೆಲ್ಲುತ್ತಾ ನಮಗೆ ಮೂರೂ ತಾಲ್ಲೂಕಿನ ಊರುಗಳ ಹೆಸರು ಬಾಯಿಪಾಠ ಆಗಿದ್ದವು.

ಇದು ನಮ್ಮ ಮನೆಯಲ್ಲಿ ಮಾತ್ರ ಇರುವ ಹುಚ್ಚಾಟ ಅಂದುಕೊಂಡಿದ್ದೆ. ಮೊದಲ ಕೆಲಸದಲ್ಲಿ ಜೊತೆಗಿದ್ದ ನೇಪಾಳದ ಹುಡುಗನೊಬ್ಬ ಒಮ್ಮೆ ಊಟದ ಹೊತ್ತಲ್ಲಿ ಹೇಳಿದ: ಅವರ ಭಾಷೆಯಲ್ಲಿ ಒಗಟಿಗೆ 'ಗಾಂವ್ ಖಾನೆ ಕಥಾ' ಅನ್ನುತ್ತಾರಂತೆ. ಅಂದರೆ ಊರು ತಿನ್ನುವ ಕಥೆ. ಅಲ್ಲೂ ಸೋತವರು ಊರು ಕೊಡಬೇಕು! ಹಿಮಾಲಯದ ಬುಡದ ಮಕ್ಕಳೂ ಸಹ್ಯಾದ್ರಿ ಬುಡದ ನಾವೂ ಒಂದೇ ಥರ ಊರು ಕಳೆದುಕೊಂಡವರು ಅಂತ ಗೊತ್ತಾಗಿ ಅವತ್ತು ಇಬ್ಬರೂ ಮೊಸರನ್ನ ಬಿಟ್ಟು ಒಗಟು ಬಿಡಿಸುತ್ತಾ ಕೂತೆವು.

ಅಕ್ಷರದ ಆಟ

ತೀರ್ಥಹಳ್ಳಿಯ ಅಜ್ಜನ ಮನೆಯಲ್ಲಿ ಆಟ ಬೇರೆ ಥರ. ಅಮ್ಮನ ಅಪ್ಪ ಶಾಲೆ ಮೇಷ್ಟ್ರಾಗಿ ನಿವೃತ್ತರಾದವರು. ಅವರದ್ದು ವಸ್ತುವಿನ ಒಗಟಲ್ಲ, ಪದದ ಒಗಟು. ಸ್ಲೇಟು ತೊಡೆ ಮೇಲೆ ಇಟ್ಟುಕೊಂಡು ಹೇಳೋರು: "ಮೂರಕ್ಷರ. ಮೊದಲನೇದು ಬಿಟ್ಟರೆ ಮನುಷ್ಯನಿಗೆ ಬಡಿಯುತ್ತೆ. ನಡುವಿನದು ಬಿಟ್ಟರೆ ತಿರುಳು. ಮೂರೂ ಇದ್ದರೆ ನಿನ್ನ ಅತ್ತೆ ಮನೆಗೆ ಹೋಗೋ ದಾರಿ." ಸಾಗರ. ಗರ ಬಡಿಯುತ್ತೆ, ಸಾರ ಅಂದರೆ ತಿರುಳು. ಹಿಂದಿನಿಂದ ಓದಿದರೂ ಅದೇ ಆಗುವ ಪದ ಹುಡುಕಿ ಅಂದರೆ ಕನಕ, ಜಲಜ, ಗದಗದಿಂದ ಶುರುವಾಗಿ ವಿಕಟಕವಿಗೆ ಬಂದು, ನವಜೀವನ ಸಿಕ್ಕಿದವನಿಗೆ ಒಂದು ಬೆಲ್ಲದ ಉಂಡೆ.

ಅವರ ಇನ್ನೊಂದು ಒಗಟು ನಮ್ಮ ಮೂರು ತಾಲ್ಲೂಕಿಗೂ ಸೇರಿ ಇತ್ತು. "ಸಾಗರ ಅಂತ ಹೆಸರು, ಉಪ್ಪು ನೀರಿಲ್ಲ. ಹಳ್ಳಿ ಅಂತ ಹೆಸರು, ಇರೋದು ಪೇಟೆ. ನಗರ ಅಂತ ಹೆಸರು, ಇರೋದು ಹಳ್ಳಿ. ಹೇಗೆ?" ಹೇಗೆ ಅನ್ನೋದನ್ನ ಬಿಡಿಸೋಕೆ ಇತಿಹಾಸ ಬೇಕಾಗುತ್ತಿತ್ತು. ಸಾಗರಕ್ಕೆ ಹೆಸರು ಬಂದದ್ದು ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆಯಿಂದ. ತೀರ್ಥಹಳ್ಳಿ ತುಂಗೆಯ ದಡದ ತೀರ್ಥದಿಂದ ಹೆಸರು ಪಡೆದು, ತಾಲ್ಲೂಕಿನ ಪೇಟೆಯಾಗಿ ಬೆಳೆದರೂ ಹೆಸರಿನಲ್ಲಿ ಹಳ್ಳಿಯಾಗೇ ಉಳಿಯಿತು. ನಗರ ಅಂದರೆ ಹಿಂದಿನ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಅಂತ ಕರೆದ. ಹೈದರ್ ಹೋಗಿ ಬರೀ ನಗರ ಉಳಿಯಿತು, ರಾಜಧಾನಿ ಹೋಗಿ ಹಳ್ಳಿ ಉಳಿಯಿತು. ತಾಲ್ಲೂಕಿನ ಕಚೇರಿ ಕಲ್ಲೂರುಕಟ್ಟೆಗೆ ಬಂದಾಗ ಅದಕ್ಕೆ ಹೊಸನಗರ ಅನ್ನುವ ಹೆಸರು ಬಂತು. ಮೂರು ವಾಕ್ಯದ ಒಂದು ಒಗಟಿನಲ್ಲಿ ಮುನ್ನೂರು ವರ್ಷದ ಪಾಠ ಮುಗಿಸುತ್ತಿದ್ದರು ಮೇಷ್ಟ್ರು.

ವಾರಪತ್ರಿಕೆ ಬಂದ ದಿನ ಪದಬಂಧದ ಪುಟ ಅವರದ್ದು. ಪೆನ್ಸಿಲ್ಲಿನಲ್ಲೇ ತುಂಬೋರು. ತಪ್ಪಿದರೆ ಅಳಿಸಬೇಕಲ್ಲ. ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. ಆರ್ಥರ್ ವಿನ್ ಅನ್ನುವವರು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಮೊದಲನೆಯದನ್ನು ಅಚ್ಚು ಹಾಕಿಸಿದರು. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ನಮ್ಮದೇ ಗುಣ ಬಂತು. ಇಂಗ್ಲಿಷಿನವರ ಮನೆಯಲ್ಲಿ ಒಂದು ಅಕ್ಷರ ಕೂರುತ್ತೆ ಅಷ್ಟೇ. ನಮ್ಮ ಒಂದು ಮನೆಯಲ್ಲಿ ದೀರ್ಘ, ಒತ್ತು ಎಲ್ಲ ಹೊತ್ತುಕೊಂಡು ಇಡೀ ಸಂಸಾರ ಕೂರುತ್ತೆ. ಕನ್ನಡದಲ್ಲಿ ಸಾವಿರಾರು ಪದಬಂಧ ರಚಿಸಿ ಹೆಸರಾದ ಅ.ನಾ. ಪ್ರಹ್ಲಾದರಾವ್ ಅವರಂಥವರಿಂದ ಎಷ್ಟು ಮನೆಗಳಲ್ಲಿ ಮಧ್ಯಾಹ್ನದ ನಿದ್ದೆ ತಪ್ಪಿದೆಯೋ!

ಇನ್ನು ಸಾಗರದ ಅತ್ತೆ ಮನೆಯಲ್ಲಿ ಕ-ಭಾಷೆ. ಪ್ರತಿ ಅಕ್ಷರದ ಹಿಂದೆ ಒಂದು ಕ ಸೇರಿಸೋದು. 'ನಾಳೆ ತೋಟಕ್ಕೆ ಬಾ' ಅಂದರೆ 'ಕನಾಕಳೆ ಕತೋಕಟಕಕ್ಕೆ ಕಬಾ'. ದೊಡ್ಡವರಿಗೆ ತಿಳಿಯಲ್ಲ ಅನ್ನುವ ಧೈರ್ಯದಲ್ಲಿ ಅತ್ತೆ ಮಕ್ಕಳ ಜೊತೆ ಪೇರಲೆ ಕದಿಯುವ ಯೋಜನೆ ಹಾಕುತ್ತಿದ್ದಾಗ, ನಮ್ಮ ಜೊತೆ ಬಂದಿದ್ದ ಅಜ್ಜಿ ಬತ್ತಿ ಹೊಸೆಯುತ್ತಾ ಕೂತಲ್ಲಿಂದಲೇ "ಕಬೇಕಡ" ಅಂದಿದ್ದರು. ನಾವು ಕಂಡುಹಿಡಿದ ಭಾಷೆ ಅಂದುಕೊಂಡಿದ್ದು ಅಜ್ಜಿ ಲಂಗ ಉಡುವ ಕಾಲದಲ್ಲೇ ಇತ್ತು.

ನನ್ನ ಯಂತ್ರ ಸೋತದ್ದು

ಕೊಡಪಾನದ ಪ್ರಸಂಗ ಆದಮೇಲೆ ಬೆಂಗಳೂರಿಗೆ ವಾಪಸ್ ಬಂದು ಒಂದು ಶನಿವಾರ ಕೂತು, ಸೊಸೆಗೆ ಅಂತ ಮೇಷ್ಟ್ರಜ್ಜನ ಅಕ್ಷರದಾಟದ ಒಂದು ಪುಟ್ಟ ಪ್ರೋಗ್ರಾಂ ಬರೆಯೋಕೆ ಹೊರಟೆ. ಪದ ಕೊಟ್ಟರೆ ಎಷ್ಟು ಅಕ್ಷರ, ಹಿಂದಿನಿಂದ ಓದಿದರೆ ಅದೇ ಬರುತ್ತಾ ಅಂತ ಹೇಳಬೇಕು. ಇಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಅಂದುಕೊಂಡೆ.

ತೀರ್ಥಹಳ್ಳಿ ಅಂತ ಕೊಟ್ಟೆ. ಕಂಪ್ಯೂಟರು ಹತ್ತು ಅಂದಿತು. ತೀ, ರ್ಥ, ಹ, ಳ್ಳಿ. ಒಂದನೇ ಕ್ಲಾಸಿನ ಮಗುವೂ ನಾಲ್ಕು ಅನ್ನುತ್ತೆ. ಯಂತ್ರದ ಒಳಗೆ ತ ಬೇರೆ, ಅದರ ದೀರ್ಘ ಬೇರೆ, ರ ಬೇರೆ, ಒತ್ತು ಸೇರಿಸುವ ಗುರುತು ಬೇರೆ. ಎಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಂತಿರುತ್ತವೆ. ಅದು ಆ ಬಿಡಿ ತುಂಡುಗಳನ್ನು ಎಣಿಸುತ್ತೆ. ಆಮೇಲೆ ನವಜೀವನವನ್ನು ತಿರುಗಿಸು ಅಂದೆ. 'ನವೀಜವನ' ಅಂತ ತೋರಿಸಿ, ಇದು ಬೇರೆ ಪದ, ಹೊಂದಲ್ಲ ಅಂದಿತು! ಜ ಅಕ್ಷರದ ದೀರ್ಘ ಕಳಚಿ ವ ಅಕ್ಷರಕ್ಕೆ ಅಂಟಿಕೊಂಡಿತ್ತು. ಬೆಲ್ಲದ ಉಂಡೆ ಕೊಡುವಂಥ ಉತ್ತರವನ್ನು ನನ್ನ ಯಂತ್ರ ತಪ್ಪು ಅಂತ ತೀರ್ಮಾನಿಸಿತ್ತು.

ಸರಿ ಮಾಡೋಕೆ ದಾರಿ ಇದೆ, ಮಾಡಿದೆ ಕೂಡ. ಆದರೆ ಆ ರಾತ್ರಿ ನಗುವೂ ಬಂತು. ಸ್ಲೇಟು ಹಿಡಿದ ಮಗು ಮೊದಲ ದಿನವೇ ಕಲಿಯುವುದನ್ನು ನಾನು ಯಂತ್ರಕ್ಕೆ ಕಲಿಸೋಕೆ ಅರ್ಧ ರಾತ್ರಿ ಬೇಕಾಯಿತು. ವಿಡಿಯೋ ಕಾಲಿನಲ್ಲಿ ಸೊಸೆಗೆ 'ನವೀಜವನ' ತೋರಿಸಿದೆ. ಬಿದ್ದು ಬಿದ್ದು ನಕ್ಕಳು. ಫೋನಿಗೆ ಎಲ್ಲ ಗೊತ್ತಿರಲ್ಲ ಅಂತ ಅವಳಿಗೆ ಅವತ್ತೇ ಮೊದಲ ಸಲ ಅನ್ನಿಸಿರಬೇಕು.

ಅಜ್ಜಿ ಉತ್ತರ ಹೇಳದ ಒಗಟು

ಈಗ ನಾನು ನಿಜವಾಗಿ ಹೇಳಬೇಕು ಅಂತ ಹೊರಟಿದ್ದ ವಿಷಯ.

ಅಜ್ಜಿ ಒಂದೇ ಒಂದು ಒಗಟಿಗೆ ಉತ್ತರ ಹೇಳುತ್ತಿರಲಿಲ್ಲ. ಎಷ್ಟು ಊರು ಕೊಟ್ಟರೂ ಹೇಳುತ್ತಿರಲಿಲ್ಲ.

"ನೀರು ತಡಿಯಕ್ಕೆ ಅಂತ ನಿಂತವ ನೀರೊಳಗೇ ನಿಂತ. ಸತ್ತಿದ್ದೂ ಅಲ್ಲ, ಬದುಕಿದ್ದೂ ಅಲ್ಲ. ಮಳೆ ಬಂದ್ರೆ ಕಾಣದಿಲ್ಲೆ. ಮಳೆ ಕೈಕೊಟ್ರೆ ತಲೆ ಎತ್ತುತಾ. ಯಾರು?"

ಕಪ್ಪೆ ಅಂದೆ. ಆಮೆ ಅಂದೆ. ಹೊಳೆ ಬಂಡೆ ಅಂದೆ. ಅ‌ಕ್ಕ ಯಾರೋ ಋಷಿ ಇರಬೇಕು ಅಂದಳು. "ಅಲ್ಲ" ಅಂದು ಅಜ್ಜಿ ಮುಂದಿನ ಅಡಿಕೆ ಕೈಗೆತ್ತಿಕೊಳ್ಳೋರು. ರಿಪ್ಪನ್‌ಪೇಟೆ ಕೊಟ್ಟೆ, ಸಾಗರ ಕೊಟ್ಟೆ, ಕೊನೆಗೆ ಶಿವಮೊಗ್ಗವನ್ನೇ ಕೊಡ್ತೀನಿ ಅಂದೆ. "ಬ್ಯಾಡ ಮಾಣಿ. ದೊಡ್ಡವ ಆದ್ಮೇಲೆ ನಿಂಗೇ ಗೊತ್ತಾಗ್ತು" ಅಂದರು. ಒಂದು ಸಲ ಹಟ ಮಾಡಿ, "ನೀನೇ ಸೋತಿದ್ದೀಯ, ನಿಂಗೇ ಉತ್ತರ ಗೊತ್ತಿಲ್ಲ, ನೀನೇ ಊರು ಕೊಡು" ಅಂದುಬಿಟ್ಟೆ. ಅಜ್ಜಿ ಕೈ ನಿಲ್ಲಿಸಿ, ತನ್ನ ತವರೂರಿನ ಹೆಸರು ಹೇಳಿದರು. "ತಗ. ನೀರೊಳಗಿದ್ದು. ಹೋಗಿ ತಂದ್ಕ" ಅಂದರು. ಚಪ್ಪರದಲ್ಲಿ ಯಾರೂ ನಗಲಿಲ್ಲ. ಅಪ್ಪ ನನ್ನನ್ನು ಮಲಗೋಕೆ ಕಳಿಸಿದರು.

ಅಜ್ಜಿಯ ತವರು ಶರಾವತಿ ಕಣಿವೆಯಲ್ಲಿತ್ತು. ಅಜ್ಜಿ ಮದುವೆಯಾಗಿ ಬಂದು ಕೆಲವು ವರ್ಷಕ್ಕೆಲ್ಲ ಅದು ಮುಳುಗಡೆಗೆ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ, ಸಾಗರ ಮತ್ತು ಹೊಸನಗರ ತಾಲ್ಲೂಕಿನ ಎಷ್ಟೋ ಊರುಗಳ ಮೇಲೆ ನೀರು ನಿಂತಿತು. ಅಜ್ಜಿಯ ಅಣ್ಣತಮ್ಮಂದಿರು ಸಿಕ್ಕಿದ ಕಡೆ ಜಾಗ ಹಿಡಿದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಹಬ್ಬಕ್ಕೆ ತವರಿಗೆ ಹೋಗೋದು ಅಂದರೆ ಎಲ್ಲಿಗೆ ಹೋಗೋದು ಅನ್ನುವ ಪರಿಸ್ಥಿತಿ. ನಮ್ಮ ಮನೆಗೆ ಬರುವ ಪೇಪರಿನಲ್ಲಿ ಮಳೆಗಾಲದಲ್ಲಿ ದಿನಾ ಜಲಾಶಯದ ಮಟ್ಟ ಹಾಕುತ್ತಾರೆ. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ. ಅಜ್ಜ ಅದನ್ನು ಜೋರಾಗಿ ಓದೋರು. ಅಜ್ಜಿ ಕೇಳಿಸಿಕೊಳ್ಳೋರು. ಏನೂ ಹೇಳುತ್ತಿರಲಿಲ್ಲ. ನೀರು ಎಷ್ಟು ಮೇಲೆ ಬಂತು ಅನ್ನೋದು ನಮಗೆ ಕರೆಂಟಿನ ಲೆಕ್ಕ. ಅವರಿಗೆ ಅದು ಯಾರ ಮನೆ ಅಂಗಳ, ಯಾವ ದೇವಸ್ಥಾನದ ಮೆಟ್ಟಿಲು ಅನ್ನುವ ಲೆಕ್ಕ.

ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ ಅಜ್ಜಿ ತೀರಿಕೊಂಡರು. ಒಗಟು ಹಾಗೇ ಉಳಿಯಿತು. ನಿಜ ಹೇಳಬೇಕು ಅಂದರೆ ನಾನು ಅದನ್ನು ಮರೆತೂ ಬಿಟ್ಟಿದ್ದೆ.

ಆಮೇಲೆ ಒಂದು ವರ್ಷ ಮಳೆ ತೀರಾ ತಡವಾಯಿತು. ಲಿಂಗನಮಕ್ಕಿಯ ಹಿನ್ನೀರು ಇಳಿದು ಹೋಗಿತ್ತು. ಊರಿಗೆ ಬಂದಿದ್ದ ನನ್ನನ್ನು ಚಿಕ್ಕಪ್ಪ, "ಹಿರೇಭಾಸ್ಕರ ಎದ್ದಿದೆಯಂತೆ, ಬಾ ನೋಡಿ ಬರೋಣ" ಅಂತ ಕರೆದುಕೊಂಡು ಹೋದರು. ಬಿರುಕು ಬಿಟ್ಟ ಕೆಸರಿನ ಬಯಲು. ಅಲ್ಲಲ್ಲಿ ಮರದ ಮೋಟು. ಆ ಬಯಲಿನ ನಡುವೆ ಎತ್ತರಕ್ಕೆ, ಉದ್ದಕ್ಕೆ, ಕಲ್ಲಿನ ಗೋಡೆಯ ಹಾಗೆ ಒಂದು ಅಣೆಕಟ್ಟು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲಿಂಗನಮಕ್ಕಿಗಿಂತ ಮೊದಲು ಶರಾವತಿಗೆ ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಮಡೆನೂರು ಅಣೆಕಟ್ಟು ಅಂತಲೂ ಅನ್ನುತ್ತಾರೆ. ಜೋಗದ ವಿದ್ಯುತ್ತಿಗೆ ನೀರು ಕೂಡಿಡೋಕೆ 1940ರ ದಶಕದಲ್ಲಿ ಕಟ್ಟಿದ್ದು. ನೀರು ಹೆಚ್ಚಾದರೆ ತಾನಾಗೇ ಹೊರಗೆ ಹೋಗುವ ಸೈಫನ್ ವ್ಯವಸ್ಥೆ ಅದರಲ್ಲಿತ್ತು. ಇಪ್ಪತ್ತು ವರ್ಷ ಕೂಡ ಕೆಲಸ ಮಾಡಿತೋ ಇಲ್ಲವೋ, ಕೆಳಗಡೆ ಅದಕ್ಕಿಂತ ದೊಡ್ಡ ಲಿಂಗನಮಕ್ಕಿ ಬಂತು. ಹಳೇ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಲ್ಲಿ ಮುಳುಗಿತು. ನೀರು ತೀರಾ ಇಳಿದಾಗ ಮಾತ್ರ ಹೊರಗೆ ಕಾಣುತ್ತೆ.

ನೀರು ತಡೆಯೋಕೆ ನಿಂತವನು ನೀರೊಳಗೇ ನಿಂತಿದ್ದ. ಮಳೆ ಕೈಕೊಟ್ಟಿತ್ತು, ತಲೆ ಎತ್ತಿದ್ದ.

ಅಲ್ಲೇ ಕೆಸರಿನ ಮೇಲೆ ಕೂತುಬಿಟ್ಟೆ. ಚಿಕ್ಕಪ್ಪ ಏನಾಯ್ತು ಅಂದರು. ಒಗಟು ಹೇಳಿದೆ. ಅವರೂ ಚಿಕ್ಕಂದಿನಲ್ಲಿ ಅದೇ ಒಗಟಿಗೆ ಸೋತವರೇ. ಒಂದು ನಿಮಿಷ ಸುಮ್ಮನಿದ್ದು, "ಅಮ್ಮ ನಮ್ಮ ಹತ್ರ ಮುಳುಗಡೆ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ" ಅಂದರು.

ಮಾತಾಡಿದ್ದರು. ಪ್ರತಿ ಸುಗ್ಗಿಯಲ್ಲೂ ಮಾತಾಡಿದ್ದರು. ನಮಗೆ ಬಿಡಿಸೋಕೆ ಬಂದಿರಲಿಲ್ಲ ಅಷ್ಟೇ. ನಿಮ್ಮ ತವರು ಹೋಯಿತಲ್ಲ ಅಂತ ಯಾರಾದರೂ ನೇರ ಕೇಳಿದ್ದರೆ ಅಜ್ಜಿ ಏನು ಹೇಳುತ್ತಿದ್ದರು? ಏನೂ ಇಲ್ಲ. ಬೇರೆಯವರ ಊರು ಮುಳುಗಿಸಿದ್ದೂ ಒಂದು ದಿನ ಮುಳುಗುತ್ತೆ ಅನ್ನುವ ಮಾತನ್ನು ಮಕ್ಕಳಿಗೆ ಹೇಗೆ ಹೇಳೋದು? ಒಗಟು ಮಾಡಿ ಇಟ್ಟು ಹೋದರು. ಅವತ್ತೇ ಉತ್ತರ ಹೇಳಿದ್ದರೆ ನಾನು "ಹೌದಾ" ಅಂದು, ಅಣೆಕಟ್ಟು ಅಂದರೆ ಏನು ಅಂತ ಕೇಳಿ, ಮರೆತುಬಿಡುತ್ತಿದ್ದೆ. ನಮ್ಮ ಸೊಸೆಯ ಕೊಡಪಾನದ ಹಾಗೆ.

ಫೋನು ಗೂಡಿನಲ್ಲಿ

ಈಗ ನಮ್ಮ ಮನೆಯಲ್ಲೂ ಅಡಿಕೆ ಸುಲಿಯುವ ಯಂತ್ರ ಬಂದಿದೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಅಮ್ಮನ ಬೆರಳುಗಳ ಮೇಲಿನ ಕತ್ತಿ ಗಾಯದ ಗೆರೆಗಳನ್ನು ನೋಡಿದವರು ಯಾರೂ ಮೆಟ್ಟುಗತ್ತಿಯೇ ಚಂದ ಇತ್ತು ಅನ್ನಲ್ಲ. ಆದರೆ ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತು ಕೇಳಲ್ಲ. ಯಂತ್ರಕ್ಕೆ ತೂಕಡಿಕೆಯೂ ಬರಲ್ಲ, ಹಾಗಾಗಿ ಯಾರೂ ಯಾರನ್ನೂ ಎಚ್ಚರ ಇಡಬೇಕಾಗಿಲ್ಲ. ಒಗಟಿಗೆ ಇದ್ದ ಕೆಲಸ ಹೋಯಿತು. ಕೊಡಪಾನ, ಬೀಸುಕಲ್ಲು, ಕಂಬಳಿಕೊಪ್ಪೆ ಅಟ್ಟ ಸೇರಿದ ಮೇಲೆ ಅವುಗಳ ಒಗಟೂ ಅಟ್ಟ ಸೇರಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ಆಯಿತು. ಮುಳುಗಡೆಯಾಗಿ ಅರವತ್ತು ವರ್ಷ ಕಾದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಆ ಕಡೆಯವರನ್ನೇ ಕೇಳಬೇಕು. "ದಡದಿಂದ ದಡಕ್ಕೆ ದಿನವಿಡೀ ಓಡಾಡ್ತಾನೆ, ಯಾವ ಊರೂ ಸೇರಲ್ಲ" ಅಂತ ನಾವು ಲಾಂಚಿನ ಬಗ್ಗೆ ಕಟ್ಟಿದ್ದ ಒಗಟನ್ನು ಇನ್ನು ಹತ್ತು ವರ್ಷದ ಮೇಲೆ ಯಾವ ಮಗು ಬಿಡಿಸುತ್ತೆ?

ಹಳೇ ಒಗಟು ಉಳಿಸೋಕೆ ಹಳೇ ವಸ್ತುಗಳನ್ನೆಲ್ಲ ವಾಪಸ್ ತರೋಕಾಗಲ್ಲ. ಆದರೆ ಆಟ ತರಬಹುದು. ಕಳೆದ ಡಿಸೆಂಬರಿನಲ್ಲಿ ಸೊಸೆ ಮತ್ತೆ ಬಂದಾಗ ಹಳೇ ನಿಯಮ ಹೇಳಿದೆ. ಫೋನು ದೀಪದ ಗೂಡಿನಲ್ಲಿ. ಮೂರು ಅವಕಾಶ. ಸೋತವರು ಊರು ಕೊಡಬೇಕು.

ಮೊದಲು ನನ್ನ ಸರದಿ. ಅಟ್ಟದಿಂದ ಕೊಡಪಾನ ಇಳಿಸಿ ಬಾವಿಕಟ್ಟೆಗೆ ಕರೆದುಕೊಂಡು ಹೋದೆ. ಖಾಲಿ ಕೊಡ ಸೊಂಟದ ಮೇಲೆ ಇಟ್ಟುಕೊಂಡು ಕುಣಿಯುತ್ತಾ ಹೋದವಳು, ಅರ್ಧ ತುಂಬಿಸಿ ಕೊಟ್ಟಿದ್ದಕ್ಕೇ ವಾಲಾಡುತ್ತಾ, ಲಂಗ ಒದ್ದೆ ಮಾಡಿಕೊಂಡು, "ಬರುವಾಗ ಭಾರ! ಬರುವಾಗ ಭಾರ!" ಅಂತ ಕೂಗುತ್ತಾ ಬಂದಳು. ಉತ್ತರ ಅವಳಿಗೆ ಅವತ್ತು ಸಿಕ್ಕಿತು. ಆಮೇಲೆ ಬೇರೆ ಎರಡು ಒಗಟಿಗೆ ಸೋತು ಒಂದು ಸಲ ಮಾರತ್ತಹಳ್ಳಿ, ಒಂದು ಸಲ ಬೊಮ್ಮನಹಳ್ಳಿ ಕೊಟ್ಟಳು. ಅಲ್ಲಿನ ಟ್ರಾಫಿಕ್ಕೂ ನನಗೇ ಸೇರಿದ್ದು ಅಂತ ಅಕ್ಕ ತಮಾಷೆ ಮಾಡಿದಳು.

ಆಮೇಲೆ ಅವಳ ಸರದಿ. ತುಂಬ ಹೊತ್ತು ಯೋಚಿಸಿ ಕೇಳಿದಳು: "ಗೋಡೆಗೆ ಬಾಯಿ ಇಟ್ಟು ಊಟ ಮಾಡುತ್ತೆ. ಊಟ ಆಗಲಿಲ್ಲ ಅಂದ್ರೆ ಮನೆಯವರೆಲ್ಲ ಕಿರುಚ್ತಾರೆ." ನನಗೆ ಹಲ್ಲಿ ಬಿಟ್ಟು ಏನೂ ಹೊಳೆಯಲಿಲ್ಲ. ಇರುವೆ ಅಂದೆ, ಗೆದ್ದಲು ಅಂದೆ. ಮೂರೂ ಅವಕಾಶ ಮುಗಿಯಿತು.

"ಸೋತ್ಯಾ ಮಾಮ? ಊರು ಕೊಡು."

ಅಜ್ಜಿ ನನಗೆ ಕೊಟ್ಟಿದ್ದ ಊರು ನನ್ನ ಹತ್ತಿರ ಹಾಗೇ ಇತ್ತು. ಅದನ್ನೇ ಕೊಟ್ಟೆ. ಈಗ ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲದ ಹೆಸರು. "ಅದು ಎಲ್ಲಿದೆ?" ಅಂದಳು. ಹೇಳಲಿಲ್ಲ. ಅದರ ಬದಲು ನೀರು ತಡೆಯೋಕೆ ನಿಂತವನ ಒಗಟು ಹೇಳಿದೆ. ಕಪ್ಪೆ ಅಂದಳು. ಅಲ್ಲ ಅಂದೆ. ಅವಳೀಗ ಅದನ್ನು ಬಿಡಿಸುತ್ತಾ ಇದ್ದಾಳೆ. ವಾರಕ್ಕೊಮ್ಮೆ ಫೋನ್ ಮಾಡಿ ಒಂದು ತಪ್ಪು ಉತ್ತರ ಹೇಳುತ್ತಾಳೆ. ನನಗೇನೂ ಅವಸರ ಇಲ್ಲ.

ನಿಮ್ಮ ಮನೆಯಲ್ಲೂ ಇಂಥ ಒಂದಾದರೂ ಒಗಟು ಇರುತ್ತೆ. ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮಕ್ಕಳಿಗೆ ಹೇಳುವಾಗ ಉತ್ತರವನ್ನು ಮಾತ್ರ ಬೇಗ ಹೇಳಬೇಡಿ. ನನ್ನ ಕಡೆಯಿಂದ ಒಂದು, ಮೂರೂ ತಾಲ್ಲೂಕಿನ ಮಳೆಗಾಲದ್ದು: "ಕರೆಯದೆ ಬರ್ತಾನೆ, ಕಾಲಿಲ್ಲದೆ ಹತ್ತುತಾನೆ. ಹೊಟ್ಟೆ ತುಂಬಿದ ಮೇಲೆ ತಾನೇ ಬಿದ್ದು ಹೋಗ್ತಾನೆ." ಮಲೆನಾಡಿನವರಾದರೆ ಓದುವಾಗಲೇ ಕಾಲು ತುರಿಸಿರಬೇಕು. ಉಳಿದವರು ಮೂರು ಸಲ ಪ್ರಯತ್ನ ಮಾಡಿ. ಸೋತರೆ ಒಂದು ಊರು ಕೊಡಿ. ತೇರು ಆಗುವ ಊರೇ ಆಗಿರಲಿ.

ಅಂದ ಹಾಗೆ, ಗೋಡೆಗೆ ಬಾಯಿ ಇಟ್ಟು ಊಟ ಮಾಡುವುದು ಫೋನಿನ ಚಾರ್ಜರು. ನಾನು ದಿನಾ ಕೈಯಲ್ಲಿ ಹಿಡಿಯುವ ವಸ್ತು. ಅದು ಊಟ ಮಾಡುತ್ತೆ ಅಂತ ಮೊದಲು ನೋಡಿದ್ದು ಅವಳು.